ಮನೆತನದ ಕಾಯಿಲೆಯೋ, ಮನೆಯೊಳಗಿನ ವೈರಸ್ಸೋ?

ಅಜ್ಜ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡರು. ದೊಡ್ಡಪ್ಪ ಐವತ್ತು ದಾಟುವ ಮುನ್ನವೇ ರಕ್ತವಾಂತಿಯಿಂದ ಹೋದರು. ಈಗ ರಕ್ತದಾನ ಶಿಬಿರಕ್ಕೆ ಹೋಗಿ ಬಂದ ಮೊಮ್ಮಗನಿಗೆ ಹೆಪಟೈಟಿಸ್ 'ಬಿ' ಇದೆಯೆಂಬ ವರದಿ ಬಂದಿದೆ. 'ನಮ್ಮದು ಲಿವರ್ ಕಾಯಿಲೆಯ ಮನೆತನ, ಹಣೆಯಲ್ಲಿ ಬರೆದದ್ದನ್ನು ಅಳಿಸಲಾದೀತೇ' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ, ಮೂಡಿಗೆರೆಯಲ್ಲಾಗಲಿ ಕಳಸದಲ್ಲಾಗಲಿ, ಇಂಥ ಮನೆಯೊಂದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಬೆಂಗಳೂರಿನ ಬಡಾವಣೆಗಳಲ್ಲೂ ಇಂಥ ಮನೆಗಳಿವೆ.

ಹಿರಿಯರ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ದೀರ್ಘಕಾಲದ ಹೆಪಟೈಟಿಸ್ ಸೋಂಕು ಯಾರಲ್ಲಿ ಸುಮ್ಮನೆ ಮಲಗಿರುತ್ತದೆ, ಯಾರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್‌ವರೆಗೆ ಹೋಗುತ್ತದೆ ಎಂಬುದರಲ್ಲಿ ವಂಶವಾಹಿಗಳಿಗೆ, ಅಂದರೆ ಜೀನುಗಳಿಗೆ, ಪಾತ್ರವಿರುವುದನ್ನು ಕಳೆದ ಎರಡು ದಶಕಗಳ ಸಂಶೋಧನೆ ಸ್ಪಷ್ಟಪಡಿಸಿದೆ. ಆದರೆ ಆ ಮಾತಿನಲ್ಲಿ ಸತ್ಯಕ್ಕಿಂತ ಹೆಚ್ಚಾಗಿ ಅಪಾಯವಿದೆ. ತಡೆಯಬಹುದಾದ ಸೋಂಕನ್ನು ವಂಶದ ಶಾಪವೆಂದು ಭಾವಿಸಿದ ಕುಟುಂಬ ಪರೀಕ್ಷೆಗೂ ಹೋಗುವುದಿಲ್ಲ, ಲಸಿಕೆಯನ್ನೂ ಕೇಳುವುದಿಲ್ಲ.

ಕಾಫಿ ಗಿಡ ಹೇಳುವ ಪಾಠ

ವಂಶವಾಹಿ ಮತ್ತು ರೋಗದ ಸಂಬಂಧವನ್ನು ತಿಳಿಯಲು ಕಾಫಿ ಬೆಳೆಗಾರರಿಗೆ ಪ್ರಯೋಗಾಲಯವೇ ಬೇಕಿಲ್ಲ. ಒಂದೇ ತೋಟ, ಒಂದೇ ನೆರಳು, ಒಂದೇ ಮಳೆ. ಎಲೆ ತುಕ್ಕು ರೋಗದ ಶಿಲೀಂಧ್ರವೂ ಒಂದೇ. ಆದರೂ ಅರೇಬಿಕಾ ಗಿಡದ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಳ್ಳುವಾಗ ಪಕ್ಕದ ರೋಬಸ್ಟಾ ಬಹುಮಟ್ಟಿಗೆ ಹಸಿರಾಗಿಯೇ ನಿಂತಿರುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ದಶಕಗಳಿಂದ ಮಾಡುತ್ತ ಬಂದಿರುವ ಮುಖ್ಯ ಕೆಲಸಗಳಲ್ಲೊಂದು ಈ ವ್ಯತ್ಯಾಸದ ಬೆನ್ನು ಹತ್ತಿ ತುಕ್ಕು ತಾಳುವ ತಳಿಗಳನ್ನು ರೂಪಿಸುವುದು.

ಬೆಳೆಗಾರರಿಗೆ ಇನ್ನೂ ಎರಡು ಸಂಗತಿಗಳು ಗೊತ್ತು. ಒಂದು ಕಾಲದಲ್ಲಿ ತುಕ್ಕಿಗೆ ಜಗ್ಗದ ಕೆಂಟ್ಸ್ ತಳಿ, ಶಿಲೀಂಧ್ರದ ಹೊಸ ಬಗೆ ಬಂದಾಗ ಸೋತಿತು. ಅಂದರೆ ಗಿಡದ ಗುಣದಷ್ಟೇ ರೋಗಾಣುವಿನ ಗುಣವೂ ಮುಖ್ಯ. ಎರಡನೆಯದು, ತುಕ್ಕಿಗೆ ಬೇಗ ತುತ್ತಾಗುವ ಗಿಡವನ್ನೂ ಹೊತ್ತಿಗೆ ಸರಿಯಾಗಿ ಬೋರ್ಡೋ ದ್ರಾವಣ ಸಿಂಪಡಿಸಿ ಉಳಿಸಿಕೊಳ್ಳಬಹುದು.

ಮನುಷ್ಯನ ಯಕೃತ್ತಿನ ಕಥೆಯೂ ಹೆಚ್ಚುಕಡಿಮೆ ಇದೇ.

ವಂಶವೋ, ಸೋಂಕೋ?

ಮೊದಲು ಬಿಡಿಸಬೇಕಾದ ಗೊಂದಲವೊಂದಿದೆ. ಒಂದೇ ಮನೆಯ ಹಲವರಿಗೆ ಕಾಯಿಲೆ ಬಂದ ಮಾತ್ರಕ್ಕೆ ಅದು ಆನುವಂಶಿಕವೆಂದು ಹೇಳಲಾಗದು.

ಮಲೆನಾಡಿಗೆ ಈ ಗೊಂದಲದ ಅನುಭವ ತಿರುವುಮುರುವಾಗಿ ಆಗಿದೆ. 1970ರ ದಶಕದ ಮಧ್ಯಭಾಗದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಬಡ ಕುಟುಂಬಗಳ ಕೀಲು ಮೂಳೆಗಳನ್ನು ಹಿಂಡಿದ ಕಾಯಿಲೆಯನ್ನು ಹಿರಿಯ ಓದುಗರು ಮರೆತಿರಲಾರರು. ಗದ್ದೆಯ ಏಡಿ, ಅದರ ಮೈಸೇರಿದ ಕೀಟನಾಶಕ ಎಂದು ಆರಂಭದಲ್ಲಿ ಶಂಕಿಸಲಾಗಿತ್ತು. ಮುಂದಿನ ಅಧ್ಯಯನಗಳು ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಆನುವಂಶಿಕ ಕಾಯಿಲೆ ಎಂದು ತೋರಿಸಿದವು. ಅಲ್ಲಿ ಹೊರಗಿನ ವಿಷವೆಂದು ಭಾವಿಸಿದ್ದು ಒಳಗಿನ ವಂಶವಾಹಿಯಾಗಿತ್ತು.

ಹೆಪಟೈಟಿಸ್ 'ಬಿ' ವಿಷಯದಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧ. ವಂಶವಾಹಿ ಎಂದು ಭಾವಿಸುತ್ತಿರುವುದು ಅನೇಕ ವೇಳೆ ವೈರಸ್ ಆಗಿರುತ್ತದೆ. ಸೋಂಕು ಇರುವ ತಾಯಿಯಿಂದ ಹೆರಿಗೆಯ ವೇಳೆ ಅದು ಮಗುವಿಗೆ ದಾಟುತ್ತದೆ. ಪುಟ್ಟ ಮಕ್ಕಳಲ್ಲಿ ಗಾಯ, ಗೀರುಗಳ ಮೂಲಕ ಒಬ್ಬರಿಂದ ಒಬ್ಬರಿಗೆ ಹರಡಬಹುದು. ಒಂದೇ ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್, ಸರಿಯಾಗಿ ಶುದ್ಧೀಕರಿಸದ ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕ ಇವೂ ದಾರಿಗಳೇ. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಒಂದೇ ಪಾತ್ರೆ ಬಳಸುವುದರಿಂದ, ಮುಟ್ಟುವುದರಿಂದ ಅದು ಹರಡುವುದಿಲ್ಲ.

ಸೋಂಕು ತಗಲುವ ವಯಸ್ಸು ಇಲ್ಲಿ ನಿರ್ಣಾಯಕ. ಹುಟ್ಟುವಾಗ ಸೋಂಕು ತಗಲಿದ ಶಿಶುಗಳಲ್ಲಿ ಶೇ 90ರಷ್ಟು ಮಂದಿಯಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ. ಆರೋಗ್ಯವಂತ ವಯಸ್ಕರಿಗೆ ತಗಲಿದರೆ ಉಳಿಯುವುದು ಶೇ 5ಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ. ಶಿಶುವಿನ ರೋಗನಿರೋಧಕ ವ್ಯವಸ್ಥೆಗೆ ವೈರಸ್ಸನ್ನು ಶತ್ರುವೆಂದು ಗುರುತಿಸುವ ಬಲ ಇನ್ನೂ ಬಂದಿರುವುದಿಲ್ಲ. ಹೀಗೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಕ್ಕಳಿಗೆ ಇಳಿದ ಸೋಂಕು ನೋಡುವವರ ಕಣ್ಣಿಗೆ ವಂಶಪಾರಂಪರ್ಯದಂತೆಯೇ ಕಾಣುತ್ತದೆ.

ಇದಕ್ಕೆ ತೈವಾನ್ ದೇಶದ ಅನುಭವಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹೆಪಟೈಟಿಸ್ 'ಬಿ' ಮನೆಮನೆಯಲ್ಲಿದ್ದ ಆ ದೇಶ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಹಾಕಲು ಆರಂಭಿಸಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಪ್ರಮಾಣ ಕೆಲವೇ ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿದದ್ದು 1997ರಲ್ಲಿ ವರದಿಯಾಯಿತು. ಆ ಜನರ ವಂಶವಾಹಿಗಳೇನೂ ಅಷ್ಟರಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಲಸಿಕೆಯೊಂದೇ.

ಒಂದೇ ವೈರಸ್, ಬೇರೆ ಬೇರೆ ಹಾದಿ

ಹಾಗಾದರೆ ವಂಶವಾಹಿಗಳ ಪಾತ್ರವೆಲ್ಲಿ? ಸೋಂಕು ಒಳಹೊಕ್ಕ ನಂತರದ ಹಾದಿಯಲ್ಲಿ.

ಹೆಪಟೈಟಿಸ್ 'ಬಿ' ಮತ್ತು 'ಸಿ' ವೈರಸ್‌ಗಳು ಯಕೃತ್ತಿನ ಜೀವಕೋಶಗಳನ್ನು ನೇರವಾಗಿ ಕೊಲ್ಲುವುದು ಕಡಿಮೆ. ಅವುಗಳ ವಿರುದ್ಧ ದೇಹ ನಡೆಸುವ ಹೋರಾಟವೇ ಉರಿಯೂತವಾಗಿ ಕೋಶಗಳನ್ನು ಹಾಳುಮಾಡುತ್ತದೆ. ಹಾಳಾದ ಜಾಗದಲ್ಲಿ ಗಾಯದ ಕಲೆಯಂತೆ ನಾರು ಕಟ್ಟುತ್ತದೆ. ವರ್ಷಾನುಗಟ್ಟಲೆ ಹೀಗೇ ನಡೆದು ಮೃದುವಾಗಿದ್ದ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವ ಸ್ಥಿತಿಯೇ ಸಿರೋಸಿಸ್. ಆಗ ರಕ್ತದ ಹರಿವಿಗೆ ಅಡ್ಡಿಯಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುತ್ತವೆ. ಕ್ಯಾನ್ಸರ್‌ಗೂ ಇದೇ ನೆಲೆ.

ಈ ಹಾದಿಯಲ್ಲಿ ಎಲ್ಲರೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ದೀರ್ಘಕಾಲದ ಹೆಪಟೈಟಿಸ್ 'ಸಿ' ಇರುವವರಲ್ಲಿ 20 ವರ್ಷಗಳೊಳಗೆ ಸಿರೋಸಿಸ್ ತಲುಪುವವರು ಶೇ 15ರಿಂದ 30ರಷ್ಟು ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಉಳಿದವರು ನಿಧಾನವಾಗಿ ಸಾಗುತ್ತಾರೆ, ಕೆಲವರು ಅಲ್ಲಿಗೆ ತಲುಪುವುದೇ ಇಲ್ಲ. ವಯಸ್ಸು, ಗಂಡಸಾಗಿರುವುದು, ಮದ್ಯಪಾನ, ಬೊಜ್ಜು, ಮಧುಮೇಹ, ಜೊತೆಯಲ್ಲಿ ಎಚ್‌ಐವಿ ಸೋಂಕಿರುವುದು ಇವೆಲ್ಲ ವೇಗ ಹೆಚ್ಚಿಸುತ್ತವೆ. ವೈರಸ್ಸಿನ ಪ್ರಮಾಣವೂ ಮುಖ್ಯ. ಹೆಪಟೈಟಿಸ್ 'ಬಿ' ಇದ್ದ 3,653 ಮಂದಿಯನ್ನು ಹನ್ನೊಂದು ವರ್ಷಗಳಷ್ಟು ಕಾಲ ಗಮನಿಸಿದ ತೈವಾನಿನ ಅಧ್ಯಯನ, ರಕ್ತದಲ್ಲಿ ವೈರಸ್ ಹೆಚ್ಚಿದಂತೆ ಕ್ಯಾನ್ಸರ್ ಅಪಾಯವೂ ಏರುವುದನ್ನು 2006ರಲ್ಲಿ ತೋರಿಸಿತು. ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿಯುವ ವ್ಯತ್ಯಾಸದ ಒಂದು ಪಾಲು ವಂಶವಾಹಿಗಳದು.

ವಂಶವಾಹಿಗಳು ಮಾಡುವುದೇನು?

ಮೊದಲನೆಯದು, ಶತ್ರುವನ್ನು ಗುರುತಿಸುವ ಕೆಲಸ. ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿದೆ. ವೈರಸ್ಸಿನ ತುಣುಕುಗಳನ್ನು ಹಿಡಿದು ರೋಗನಿರೋಧಕ ಕೋಶಗಳಿಗೆ ತೋರಿಸುವ ಕೈಗಳನ್ನು ರೂಪಿಸುವುದು ಇವೇ. ಈ ಗುಂಪಿನ ಎಚ್‌ಎಲ್‌ಎ-ಡಿಪಿ ಭಾಗದ ಕೆಲವು ರೂಪಗಳಿರುವವರಲ್ಲಿ ಹೆಪಟೈಟಿಸ್ 'ಬಿ' ದೀರ್ಘಕಾಲ ಉಳಿಯುವ ಸಂಭವ ಹೆಚ್ಚು, ಇನ್ನು ಕೆಲವು ರೂಪಗಳಿರುವವರಲ್ಲಿ ಕಡಿಮೆ ಎಂಬುದನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು.

ಎರಡನೆಯದು, ಕೊಬ್ಬಿನ ನಿರ್ವಹಣೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ಹೆಲೆನ್ ಹಾಬ್ಸ್, ಜೊನಾಥನ್ ಕೊಹೆನ್ ಅವರ ತಂಡ 2008ರಲ್ಲಿ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯನ್ನು ಗುರುತಿಸಿತು. ಈ ಬದಲಾದ ರೂಪ ಇರುವವರ ಯಕೃತ್ತಿನಲ್ಲಿ ಕೊಬ್ಬು ಹೆಚ್ಚು ಶೇಖರವಾಗುತ್ತದೆ. ಮದ್ಯಪಾನದಿಂದ ಬರುವ ಸಿರೋಸಿಸ್, ಹೆಪಟೈಟಿಸ್ 'ಸಿ' ರೋಗಿಗಳಲ್ಲಿ ನಾರುಗಟ್ಟುವಿಕೆ ಇವುಗಳಿಗೂ ಅದಕ್ಕೂ ನಂಟಿರುವುದು ನಂತರದ ವರ್ಷಗಳಲ್ಲಿ ಕಂಡುಬಂತು. ಗಮನಿಸಬೇಕಾದ ಮಾತೆಂದರೆ, ಈ ರೂಪವಿದ್ದವರಿಗೆ ಬೊಜ್ಜು ಮತ್ತು ಮದ್ಯ ಇತರರಿಗಿಂತ ಹೆಚ್ಚು ಹಾನಿ ಮಾಡುತ್ತವೆ. ಅಂದರೆ ಅವುಗಳಿಂದ ದೂರವಿರುವುದರ ಲಾಭವೂ ಅವರಿಗೇ ಹೆಚ್ಚು.

ಎಲ್ಲ ರೂಪಾಂತರಗಳೂ ಕೆಟ್ಟವಲ್ಲ. ಎಚ್‌ಎಸ್‌ಡಿ17ಬಿ13 ಎಂಬ ವಂಶವಾಹಿಯ ಕೆಲಸ ಕುಂಠಿತವಾದವರಲ್ಲಿ ದೀರ್ಘಕಾಲದ ಯಕೃತ್ತಿನ ಕಾಯಿಲೆ ಕಡಿಮೆ ಎಂಬ ಅಚ್ಚರಿಯ ಸಂಗತಿ 2018ರಲ್ಲಿ ಹೊರಬಿತ್ತು. ಅಂಥದೇ ಪರಿಣಾಮವನ್ನು ಔಷಧದಿಂದ ತರಬಹುದೇ ಎಂಬ ಪ್ರಯತ್ನಗಳಿಗೆ ಇದು ದಾರಿ ಮಾಡಿತು.

ಇವುಗಳಲ್ಲಿ ಯಾವುದೂ ಹಂದಿಗೋಡು ಕಾಯಿಲೆಯಂತೆ ಒಂದೇ ವಂಶವಾಹಿಯ ತೀರ್ಪಲ್ಲ. ಪ್ರತಿಯೊಂದೂ ತಕ್ಕಡಿಯಲ್ಲಿಟ್ಟ ಸಣ್ಣ ತೂಕದ ಕಲ್ಲು. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಉಳಿದ ಕಲ್ಲುಗಳೂ ಸೇರಿ ನಿರ್ಧರಿಸುತ್ತವೆ.

ಹಣೆಬರಹ ಅಳಿಸಿದ ಮಾತ್ರೆ

ವಂಶವಾಹಿಯ ಮಾತು ಎಷ್ಟರಮಟ್ಟಿಗೆ ಅಂತಿಮ ಎಂಬುದಕ್ಕೆ ಹೆಪಟೈಟಿಸ್ 'ಸಿ' ಚಿಕಿತ್ಸೆಯ ಇತಿಹಾಸವೇ ಉತ್ತಮ ಉದಾಹರಣೆ. ಈ ವೈರಸ್ ಪತ್ತೆಯಾದದ್ದು 1989ರಲ್ಲಿ. ಮುಂದಿನ ಎರಡು ದಶಕಗಳ ಚಿಕಿತ್ಸೆಯೆಂದರೆ ಇಂಟರ್‌ಫೆರಾನ್ ಚುಚ್ಚುಮದ್ದು ಹಾಗೂ ರಿಬಾವಿರಿನ್ ಮಾತ್ರೆ. ಕೆಲವು ಬಗೆಯ ವೈರಸ್‌ಗಳಿಗೆ 48 ವಾರಗಳ ಕಾಲ ಜ್ವರ, ಮೈಕೈ ನೋವು, ಖಿನ್ನತೆಗಳನ್ನು ಸಹಿಸಿಕೊಂಡು ಚಿಕಿತ್ಸೆ ಪಡೆಯಬೇಕಿತ್ತು. ಅಷ್ಟಾದರೂ ಹಲವರಿಗೆ ಗುಣವಾಗುತ್ತಿರಲಿಲ್ಲ.

ಯಾರಿಗೆ ಗುಣವಾಗುತ್ತದೆ ಎಂಬುದರ ಗುಟ್ಟು 2009ರಲ್ಲಿ ಬಯಲಾಯಿತು. ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ ಐಎಲ್28ಬಿ ಎಂಬ ವಂಶವಾಹಿಯ ಬಳಿ ಅನುಕೂಲಕರ ರೂಪ ಹೊಂದಿದವರಲ್ಲಿ ಚಿಕಿತ್ಸೆ ಫಲಿಸುವ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತು. ಚಿಕಿತ್ಸೆಯೇ ಇಲ್ಲದೆ ವೈರಸ್ಸನ್ನು ಹೊರಹಾಕುವವರಲ್ಲೂ ಇದೇ ರೂಪ ಹೆಚ್ಚಾಗಿ ಕಂಡಿತು. ಚಿಕಿತ್ಸೆಗೆ ಮುನ್ನ ಈ ಪರೀಕ್ಷೆ ಮಾಡಿಸುವ ರೂಢಿ ಬಂತು. ಅನನುಕೂಲ ರೂಪ ಇದ್ದವರಿಗೆ ಅದು ನಿಜಕ್ಕೂ ಹಣೆಬರಹದಂತೆಯೇ ತೋರಿತು.

ಆದರೆ 2013ರ ಕೊನೆಯಲ್ಲಿ ಸೊಫೊಸ್‌ಬುವಿರ್ ಬಂದಿತು. ವೈರಸ್ಸಿನ ನಕಲು ಯಂತ್ರವನ್ನೇ ನೇರವಾಗಿ ತಡೆಯುವ ಈ ಮಾತ್ರೆಗಳು ರೋಗಿಯ ವಂಶವಾಹಿ ಯಾವುದೆಂದು ಲೆಕ್ಕಿಸುವುದಿಲ್ಲ. ಇತರ ಔಷಧದ ಜೊತೆ ಸಾಮಾನ್ಯವಾಗಿ 12 ವಾರ ನುಂಗಿದರೆ ಶೇ 95ರ ಆಸುಪಾಸಿನ ಮಂದಿ ಗುಣವಾಗುತ್ತಾರೆ. ಭಾರತದ ಕಂಪೆನಿಗಳು 2015ರಿಂದ ಇದನ್ನು ಅಗ್ಗದ ದರದಲ್ಲಿ ತಯಾರಿಸಿದವು. ಆರೇಳು ವರ್ಷಗಳಲ್ಲಿ ಐಎಲ್28ಬಿ ಪರೀಕ್ಷೆ ಬಹುತೇಕ ಅಪ್ರಸ್ತುತವಾಯಿತು. ವಂಶವಾಹಿ ಹಾಗೆಯೇ ಉಳಿಯಿತು, ಅದರ ಅಧಿಕಾರ ಹೋಯಿತು.

ನಿಜವಾದ ಆನುವಂಶಿಕ ಕಾಯಿಲೆ

ಇಷ್ಟಾದರೂ 'ಮನೆತನದ ಕಾಯಿಲೆ' ಎಂಬ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ವಿಲ್ಸನ್ ಕಾಯಿಲೆ ನಿಜಕ್ಕೂ ಆನುವಂಶಿಕ. ಎಟಿಪಿ7ಬಿ ಎಂಬ ವಂಶವಾಹಿಯ ದೋಷದಿಂದ ದೇಹದ ತಾಮ್ರ ಹೊರಹೋಗದೆ ಯಕೃತ್ತಿನಲ್ಲಿ ಮತ್ತು ಮಿದುಳಿನಲ್ಲಿ ಶೇಖರವಾಗುತ್ತದೆ. ಮಕ್ಕಳಲ್ಲಿ, ಯುವಕರಲ್ಲಿ ಅದು ದೀರ್ಘಕಾಲದ ಹೆಪಟೈಟಿಸ್‌ನಂತೆಯೇ ಕಾಣಿಸಿಕೊಳ್ಳಬಹುದು. ವೈರಸ್ ಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ ವೈದ್ಯರು ಇದನ್ನು ಹುಡುಕುತ್ತಾರೆ.

ಈ ಕಾಯಿಲೆಯ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ದೇಶದಲ್ಲೇ ದೊಡ್ಡ ಅನುಭವ ಪಡೆದಿರುವ ಸಂಸ್ಥೆ. ಮೂರು ದಶಕಗಳಲ್ಲಿ ಅಲ್ಲಿ ಪರೀಕ್ಷೆಗೊಳಗಾದ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದರೆ ಮಾತ್ರ ಕಾಯಿಲೆ ಬರುವುದರಿಂದ, ಸೋದರಮಾವ, ಸೋದರತ್ತೆಯ ಮಕ್ಕಳ ನಡುವೆ ಮದುವೆ ನಡೆಯುವ ನಮ್ಮಂಥ ಸಮಾಜದಲ್ಲಿ ಇದರ ಸಂಭವ ಹೆಚ್ಚುತ್ತದೆ. ಸಮಾಧಾನದ ಸಂಗತಿಯೆಂದರೆ ಇದಕ್ಕೂ ಔಷಧವಿದೆ. ಒಬ್ಬ ಮಗುವಿಗೆ ಪತ್ತೆಯಾದರೆ ಒಡಹುಟ್ಟಿದವರಿಗೆಲ್ಲ ಪರೀಕ್ಷೆ ಮಾಡಿಸಿ, ಲಕ್ಷಣ ಕಾಣುವ ಮೊದಲೇ ಔಷಧ ಆರಂಭಿಸಬಹುದು. ನಿಜವಾದ ಆನುವಂಶಿಕ ಕಾಯಿಲೆಯಲ್ಲೂ ಕೈಕಟ್ಟಿ ಕೂರುವ ಅಗತ್ಯವಿಲ್ಲ.

ವಂಶವಾಹಿ ಕುರಿತ ದೊಡ್ಡ ಅಧ್ಯಯನಗಳಲ್ಲಿ ಬಹುಪಾಲು ನಡೆದಿರುವುದು ಯೂರೋಪ್, ಅಮೆರಿಕ, ಪೂರ್ವ ಏಷ್ಯಾದ ಜನರ ಮೇಲೆ. ಅಲ್ಲಿಯ ತೂಕದ ಕಲ್ಲುಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಈ ಕೊರತೆ ನೀಗಲು 2020ರಲ್ಲಿ ಆರಂಭವಾದ 'ಜಿನೋಮ್ ಇಂಡಿಯಾ' ಯೋಜನೆಯ ಸಮನ್ವಯದ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ದೇಶದ ನಾನಾ ಸಮುದಾಯಗಳ ಸುಮಾರು 10 ಸಾವಿರ ಮಂದಿಯ ವಂಶವಾಹಿ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು.

ನೆಲನೆಲ್ಲಿ, ಅಮೃತಬಳ್ಳಿ, ಕಾಫಿ

ಕಾಮಾಲೆಯೆಂದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ. ಈ ಗಿಡದ ಪುಡಿಯಿಂದ ಹಲವರ ರಕ್ತದಲ್ಲಿ ಹೆಪಟೈಟಿಸ್ 'ಬಿ' ವೈರಸ್ಸಿನ ಗುರುತು ಮಾಯವಾಯಿತೆಂದು 1988ರಲ್ಲಿ ಮದ್ರಾಸಿನ ಸಂಶೋಧಕರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಈ ವೈರಸ್ಸಿನ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಕೂಡ ಆ ತಂಡದಲ್ಲಿದ್ದರು. ಆದರೆ ನಂತರ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಹೆಪಟೈಟಿಸ್ 'ಎ' ಮತ್ತು 'ಇ'ಯಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ; ಯಶಸ್ಸಿನ ಹೆಸರು ಕೊಟ್ಟ ಔಷಧಕ್ಕೆ ಸಲ್ಲುತ್ತದೆ. 'ಬಿ' ಮತ್ತು 'ಸಿ' ಹಾಗಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಬಳಸಿದ ಅಮೃತಬಳ್ಳಿಯಿಂದ ಕೆಲವರ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬೈನ ವೈದ್ಯರು, 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ವೈದ್ಯರು ದಾಖಲಿಸಿದ್ದಾರೆ. ಈಗಾಗಲೇ ಯಕೃತ್ತಿನ ಕಾಯಿಲೆ ಇರುವವರು ಕಷಾಯದ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯುವುದು ಒಳಿತು.

ಕಾಫಿಯ ವಿಷಯದಲ್ಲಿ ಮಾತ್ರ ಸುದ್ದಿ ಸಿಹಿಯಾಗಿದೆ. ಹೆಪಟೈಟಿಸ್ 'ಸಿ'ಯಿಂದ ನಾರುಗಟ್ಟುವಿಕೆ ಮುಂದುವರಿದಿದ್ದ ಅಮೆರಿಕದ ರೋಗಿಗಳಲ್ಲಿ ದಿನಕ್ಕೆ ಮೂರು ಅಥವಾ ಹೆಚ್ಚು ಲೋಟ ಕಾಫಿ ಕುಡಿಯುವವರ ಕಾಯಿಲೆ ಮುಂದುವರಿಯುವ ಪ್ರಮಾಣ ಕುಡಿಯದವರ ಅರ್ಧದಷ್ಟಿತ್ತು ಎಂದು 2009ರ ಅಧ್ಯಯನ ಹೇಳಿತು. ಇದು ನಂಟು ಮಾತ್ರ, ಔಷಧವಲ್ಲ. ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿದರೆ ಲೆಕ್ಕ ಬೇರೆಯಾದೀತು.

ಮನೆಮಂದಿ ಮಾಡಬೇಕಾದ್ದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಮಂದಿಗೆ ಹೆಪಟೈಟಿಸ್ 'ಬಿ', 55 ಲಕ್ಷ ಮಂದಿಗೆ ಹೆಪಟೈಟಿಸ್ 'ಸಿ' ಇತ್ತು. ಇವರಲ್ಲಿ ಹೆಚ್ಚಿನವರಿಗೆ ತಮ್ಮ ಸೋಂಕಿನ ಅರಿವೇ ಇಲ್ಲ. ಏಕೆಂದರೆ ಯಕೃತ್ತು ನೋವನ್ನು ಹೇಳಿಕೊಳ್ಳುವ ಅಂಗವಲ್ಲ.

ಒಬ್ಬರಿಗೆ ಹೆಪಟೈಟಿಸ್ 'ಬಿ' ಪತ್ತೆಯಾದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ತಾಯಿ ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಲ್ಲದವರು, ಲಸಿಕೆ ಪಡೆಯದಿದ್ದರೆ, ಪಡೆಯಬೇಕು. ರಾಷ್ಟ್ರವ್ಯಾಪಿ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆ ಎಲ್ಲ ರಾಜ್ಯಗಳಿಗೂ ವಿಸ್ತರಣೆಯಾದದ್ದು 2011ರಲ್ಲಿ. ಇಂದಿನ ವಯಸ್ಕರಲ್ಲಿ ಬಹುಪಾಲು ಮಂದಿ ಅದಕ್ಕಿಂತ ಮೊದಲು ಹುಟ್ಟಿದವರು. ಗರ್ಭಿಣಿಯರ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ಮಗು ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಮಗುವಿಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ, ವೈರಸ್ ಹೆಚ್ಚಿದ್ದರೆ ತಾಯಿಗೆ ಗರ್ಭಾವಸ್ಥೆಯಲ್ಲೇ ಟೆನೊಫೊವಿರ್ ಮಾತ್ರೆಯನ್ನೂ ವೈದ್ಯರು ಸೂಚಿಸುತ್ತಾರೆ. ತೋಟದ ಲೈನ್ ಮನೆಗೆ ದೂರದ ಅಸ್ಸಾಮಿನಿಂದ ಬಂದ ಕಾರ್ಮಿಕಳಿಗೂ, ಎಸ್ಟೇಟ್ ಬಂಗಲೆಯ ಸೊಸೆಗೂ ಈ 24 ಗಂಟೆಯ ಲೆಕ್ಕ ಒಂದೇ.

ಸೋಂಕಿದ್ದವರಿಗೆ ಚಿಕಿತ್ಸೆ ದುಬಾರಿಯೆಂಬ ಭಯ ಈಗ ಬೇಕಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧ ಉಚಿತ. ಹೆಪಟೈಟಿಸ್ 'ಸಿ' ಗುಣವಾಗುತ್ತದೆ. 'ಬಿ' ಪೂರ್ತಿ ಹೋಗದಿದ್ದರೂ ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.

ಕೊನೆಯದಾಗಿ, ಆ ಹಿರಿಯರ ಮಾತಿಗೆ ಮರಳೋಣ. ಕುಟುಂಬದಲ್ಲಿ ಯಕೃತ್ತಿನ ಕ್ಯಾನ್ಸರ್ ಇದ್ದರೆ ಹೆಪಟೈಟಿಸ್ 'ಬಿ' ಇರುವವರಿಗೆ ಅಪಾಯ ಇಮ್ಮಡಿಯಲ್ಲ, ಅದಕ್ಕೂ ಮೀರಿ ಹೆಚ್ಚುತ್ತದೆ ಎಂಬುದನ್ನು 2013ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನ ತೋರಿಸಿದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ, ಕುಟುಂಬದಲ್ಲಿ ಸಿರೋಸಿಸ್ ಅಥವಾ ಯಕೃತ್ತಿನ ಕ್ಯಾನ್ಸರ್ ಇದ್ದವರಿಗೆ, ವೈರಸ್ ಪ್ರಮಾಣ ಕಡಿಮೆಯಿದ್ದರೂ, ಚಿಕಿತ್ಸೆ ಆರಂಭಿಸಬಹುದೆಂದು ಹೇಳಿದೆ. ಅಜ್ಜ ಹೇಗೆ ಸತ್ತರು, ದೊಡ್ಡಪ್ಪನಿಗೆ ಏನಾಗಿತ್ತು ಎಂಬ ವಿವರ ನಿಟ್ಟುಸಿರಿನೊಂದಿಗೆ ಮುಗಿಯಬೇಕಾದ್ದಲ್ಲ. ಅದನ್ನು ವೈದ್ಯರ ಮುಂದೆ ಹೇಳಬೇಕು. ಆ ಮೊಮ್ಮಗನ ಚಿಕಿತ್ಸೆ ಹತ್ತು ವರ್ಷ ಮೊದಲೇ ಆರಂಭವಾಗಲು ಅದೊಂದೇ ಮಾತು ಸಾಕಾಗಬಹುದು.